ಹಳೆಯ ಔಟ್‌ಬೋರ್ಡ್ ಎಂಜಿನ್‌: ಎಕ್ಸಾಸ್ಟ್ ಕವರಿನ ಒಳಗೆ ಉಪ್ಪುನೀರು ತಿಂದ ಅಲ್ಯೂಮಿನಿಯಂ, ತುಂಬುವುದೋ, ಬೆಸೆಯುವುದೋ, ಬದಲಿಸುವುದೋ?

ತೀರದೋಣಿ (ಪ್ರಶ್ನೆ)

ನನ್ನದು ಮೂರು ಸಿಲಿಂಡರುಗಳ, ಎರಡು ಸ್ಟ್ರೋಕಿನ, ಕಾರ್ಬ್ಯುರೇಟರ್ ಇರುವ ಹಳೆಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತಗುಲಿಸುವ) ಎಂಜಿನ್. ಅದರ ಆಯುಷ್ಯದ ಬಹುಪಾಲು ಉಪ್ಪುನೀರಿನಲ್ಲೇ ಕಳೆದಿದೆ. ಇತ್ತೀಚೆಗೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಾಗ ಕೆಳಗಿನ ಸಿಲಿಂಡರಿನ ಪ್ಲಗ್ ತುದಿಯಲ್ಲಿ ಕೆಂಪು ತುಕ್ಕು ಕಾಣಿಸಿತು. ಮೇಲಿನ ಎರಡು ಪ್ಲಗ್‌ಗಳು ಎಂದಿನಂತೆ ಎಣ್ಣೆಮಸಿಯ ಕಂದು ಬಣ್ಣದಲ್ಲಿದ್ದವು. ಪ್ಲಗ್ ತೂತಿನಿಂದ ಬೆಳಕು ಬಿಟ್ಟು ನೋಡಿದರೆ, ಉಳಿದ ಪಿಸ್ಟನ್‌ಗಳ ತಲೆಯ ಮೇಲೆ ಕರಿ ಇದೆ, ಕೆಳಗಿನದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದೆ.

ಹೆಡ್ ಗ್ಯಾಸ್ಕೆಟ್ ಹೋಗಿರಬೇಕೆಂದು ಹೆಡ್ ಬಿಚ್ಚಿದೆ. ಗ್ಯಾಸ್ಕೆಟ್ ಎಲ್ಲಿಯೂ ಒಡೆದಿರಲಿಲ್ಲ. ಬಳಿಕ ಬ್ಲಾಕಿನ (ಸಿಲಿಂಡರುಗಳಿರುವ ಎರಕದ) ಪಕ್ಕದ ಎಕ್ಸಾಸ್ಟ್ ಕವರಿನ, ಅಂದರೆ ಹೊಗೆದಾರಿಯ ಮುಚ್ಚಳದ, ಕಡೆ ಕಣ್ಣು ಹಾಯಿಸಿದರೆ ಕೆಳತುದಿಯ ಸಂದಿಯಲ್ಲಿ ಬಿಳಿಯ ಪುಡಿ ಉಬ್ಬಿ ನಿಂತಿತ್ತು. ಬಿಚ್ಚುವಾಗ ಕೆಳಸಾಲಿನ ಎರಡು ಬೋಲ್ಟ್‌ಗಳ ತಲೆ ಮುರಿದವು, ಬುಡ ಬ್ಲಾಕಿನಲ್ಲೇ ಉಳಿದಿದೆ. ಕವರ್ ಮತ್ತು ಬ್ಲಾಕಿನ ನಡುವೆ ಇರುವ ಒಳತಟ್ಟೆಯಲ್ಲಿ, ಕೆಳಅಂಚಿನ ಹತ್ತಿರ, ಪೆನ್ಸಿಲ್ ಮೊನೆ ಹೋಗುವಷ್ಟು ತೂತು ಬಿದ್ದಿದೆ. ಅದಕ್ಕಿಂತ ಹೆಚ್ಚು ಚಿಂತೆಯಾಗಿರುವುದು ಬ್ಲಾಕಿನದೇ ಗ್ಯಾಸ್ಕೆಟ್ ಕೂರುವ ಮೈ: ಒಂದು ಹೆಬ್ಬೆರಳಿನ ಅಗಲದಷ್ಟು ಜಾಗದಲ್ಲಿ ಆ ಪಟ್ಟಿಯ ಅರ್ಧ ಭಾಗ ಕೊರೆದುಹೋಗಿ ಕುಳಿಯಾಗಿದೆ. ಹೆಡ್ ಬಿಚ್ಚುವ ಮೊದಲು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆದಾಗ ಮೇಲಿನ ಎರಡು ಸಿಲಿಂಡರುಗಳು ಸಮನಾಗಿದ್ದವು, ಕೆಳಗಿನದು ಸುಮಾರು ಶೇಕಡಾ 10ರಷ್ಟು ಕಡಿಮೆ ತೋರಿಸಿತು.

ಈ ಕುಳಿಯನ್ನು ಎಪಾಕ್ಸಿಯಿಂದ ತುಂಬಿ ಹೊಸ ಗ್ಯಾಸ್ಕೆಟ್ ಹಾಕಿದರೆ ನಿಲ್ಲುತ್ತದೆಯೇ, ಬೆಸುಗೆಯೇ ಬೇಕೇ, ಅಥವಾ ಬ್ಲಾಕನ್ನೇ ಬಿಟ್ಟುಬಿಡುವ ಸ್ಥಿತಿ ಇದೇ? ಒಳತಟ್ಟೆಯ ತೂತಿಗೂ ಇದೇ ಪ್ರಶ್ನೆ. ಎಂಜಿನ್ನಿನಲ್ಲಿ ಆನೋಡ್‌ಗಳು (ತಾವೇ ಕರಗಿ ಉಳಿದ ಲೋಹವನ್ನು ಕಾಯುವ ತುಂಡುಗಳು) ಇದ್ದೂ, ಅವು ಅರ್ಧಕ್ಕಿಂತ ಹೆಚ್ಚು ಉಳಿದಿದ್ದೂ, ಇದು ಹೇಗಾಯಿತು ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯಂತ್ರ (ಉತ್ತರ)

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಎಕ್ಸಾಸ್ಟಿಗೆ ಸಂಬಂಧಿಸಿದ್ದಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟೂ ಕನೆಕ್ಟಿಂಗ್ ರಾಡುಗಳೂ ಉಕ್ಕಿನ ಬೇರಿಂಗುಗಳ ಮೇಲೆ ತಿರುಗುತ್ತವೆ, ಮತ್ತು ಪೆಟ್ರೋಲಿನ ಜೊತೆ ಬರುವ ಎಣ್ಣೆಯ ತೆಳುಪದರವನ್ನು ಬಿಟ್ಟರೆ ಅವುಗಳಿಗೆ ಬೇರೆ ಕಾಪು ಇಲ್ಲ. ಉಪ್ಪುನೀರು ಸಿಲಿಂಡರಿಗೆ ಬಂದಿದೆ ಎಂದಾದರೆ ಅದರ ಅಂಶ ಪೋರ್ಟ್‌ಗಳ (ಸಿಲಿಂಡರಿನ ಗೋಡೆಯಲ್ಲಿನ ಕಿಂಡಿಗಳ) ಮೂಲಕ ಕೆಳಗೆ ಇಳಿದಿರುವ ಸಂಭವವೂ ಇದೆ. ಆದ್ದರಿಂದ ಇವತ್ತೇ ಮೂರೂ ಸಿಲಿಂಡರುಗಳಿಗೆ, ಕಾರ್ಬ್ಯುರೇಟರಿನ ಬಾಯಿಗಳಿಗೂ, ಧಾರಾಳವಾಗಿ ಎಣ್ಣೆ ಸಿಂಪಡಿಸಿ, ಫ್ಲೈವೀಲನ್ನು ಕೈಯಿಂದ ಹಲವು ಸುತ್ತು ತಿರುಗಿಸಿ ಇಡಿ. ಕವರಿನ ಬಗ್ಗೆ ಎಷ್ಟು ದಿನ ಬೇಕಾದರೂ ಯೋಚಿಸಬಹುದು. ಬೇರಿಂಗಿಗೆ ಅಷ್ಟು ಸಮಯವಿಲ್ಲ.

ಈಗ ಕಾರಣ. ನಿಮ್ಮ ಎಂಜಿನ್ನಿನ ಆ ಭಾಗದಲ್ಲಿ ಮೂರು ಪದರಗಳಿವೆ: ಬ್ಲಾಕಿನ ಹೊಗೆದಾರಿ, ಅದನ್ನು ಮುಚ್ಚುವ ಒಳತಟ್ಟೆ, ಅದರ ಹೊರಗೆ ಕವರ್. ತಟ್ಟೆಗೂ ಕವರಿಗೂ ನಡುವೆ ತಂಪುನೀರು ಹರಿಯುತ್ತದೆ. ಅಂದರೆ ಕೆಲವೇ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಗೋಡೆಯ ಒಂದು ಮಗ್ಗುಲಲ್ಲಿ, ಪೂರ್ಣ ವೇಗದಲ್ಲಿ 500 ಡಿಗ್ರಿ ಸೆಲ್ಸಿಯಸ್ ದಾಟುವ ಹೊಗೆ, ಇನ್ನೊಂದು ಮಗ್ಗುಲಲ್ಲಿ ಸಮುದ್ರದ ನೀರು. ಪೆಟ್ರೋಲಿನ ಗಂಧಕ ಉರಿದಾಗ ಹುಟ್ಟುವ ಆಕ್ಸೈಡುಗಳು ಎಂಜಿನ್ ತಣಿದ ಮೇಲೆ ತೇವದೊಂದಿಗೆ ಕೂಡಿ ಆಮ್ಲವಾಗುತ್ತವೆ. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಸೀಳುತ್ತದೆ. ಇವೆರಡರ ಮೇಲೆ ಮಸಿ ಬೇರೆ. ಸಮುದ್ರದ ನೀರಿನಲ್ಲಿ, ಪ್ರಯೋಗಶಾಲೆಗಳು ಬಳಸುವ ಕ್ಯಾಲೊಮೆಲ್ ಮಾಪನದ ಪ್ರಕಾರ, ಅಲ್ಯೂಮಿನಿಯಂ ಮಿಶ್ರಲೋಹಗಳ ವಿದ್ಯುತ್ ವಿಭವ (ಎರಡು ವಸ್ತುಗಳು ತಾಗಿದಾಗ ಇದು ಕಡಿಮೆ ಇರುವುದೇ ಕರಗುತ್ತದೆ) ಮೈನಸ್ 0.75 ವೋಲ್ಟ್ ಆಸುಪಾಸಿನಲ್ಲಿರುತ್ತದೆ, ಗ್ರ್ಯಾಫೈಟಿನದು ಪ್ಲಸ್ 0.2ರಿಂದ 0.3 ವೋಲ್ಟ್. ಮಸಿ ಶುದ್ಧ ಗ್ರ್ಯಾಫೈಟ್ ಅಲ್ಲದಿದ್ದರೂ ವಿದ್ಯುತ್ತನ್ನು ಹರಿಯಬಿಡುವ ಇಂಗಾಲವೇ. ಒದ್ದೆಯಾದ ಮಸಿಯ ಪದರ ಅಲ್ಯೂಮಿನಿಯಂ ಮೇಲೆ ಅಂಟಿ ಕುಳಿತರೆ ಅದರ ಅಡಿಯ ಲೋಹ ತಾನಾಗಿಯೇ ಆನೋಡ್ ಆಗಿ ಕರಗುತ್ತದೆ. ಎಲ್ಲರೂ ಸ್ಟೇನ್‌ಲೆಸ್ ಬೋಲ್ಟನ್ನು ದೂರುತ್ತಾರೆ. ಅದೂ ದೋಷಿಯೇ, ಆದರೆ ಹೊಗೆದಾರಿಯ ಒಳಗೆ ಮಸಿಯ ಪಾಲು ಹೆಚ್ಚೆಂದು ನನ್ನ ಅಭಿಪ್ರಾಯ.

ಆನೋಡ್ ಏಕೆ ಕಾಯಲಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸರಳವಾಗಿದೆ. ಆನೋಡ್ ಯಾವ ನೀರಿನಲ್ಲಿ ಮುಳುಗಿದೆಯೋ ಅದೇ ನೀರಿಗೆ ತಾಗಿಕೊಂಡ ಲೋಹವನ್ನು ಮಾತ್ರ ಅದು ಕಾಪಾಡಬಲ್ಲದು. ಬ್ಲಾಕಿನೊಳಗಿನ ಆನೋಡ್ ನೀರುದಾರಿಯಲ್ಲಿದೆ, ಹೊರಗಿನವು ಬ್ರ್ಯಾಕೆಟ್ಟಿನ ಮೇಲೂ ಕೆಳತುದಿಯ ಗೇರ್‌ಕೇಸಿನ ಮೇಲೂ ಇವೆ. ಹೊಗೆದಾರಿಯಲ್ಲಿ ನಿರಂತರವಾದ ನೀರಿಲ್ಲ. ಇರುವುದು ಆವಿ, ಹನಿ, ಒದ್ದೆ ಮಸಿ. ಅಲ್ಲಿಗೆ ಆನೋಡಿನ ವಿದ್ಯುತ್ ತಲುಪುವುದೇ ಇಲ್ಲ. ಆನೋಡ್ ಅರ್ಧ ಉಳಿದಿದ್ದರೆ ನೀರುದಾರಿಯ ಬಗ್ಗೆ ಅಷ್ಟು ಸಮಾಧಾನಪಡಬಹುದು, ಹೊಗೆದಾರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆನೋಡ್ ಹಾಗೆಯೇ ಹೊಸದರಂತೆ ಉಳಿದಿದ್ದರಂತೂ ಬುಡದಲ್ಲಿ ಬಣ್ಣವೋ ಕಿಲುಬೋ ಅಡ್ಡ ಬಂದು ಸಂಪರ್ಕ ತಪ್ಪಿದೆಯೇ ಎಂದು ನೋಡಬೇಕು.

ತುಂಬುವುದೋ ಬೆಸೆಯುವುದೋ ಎಂಬುದನ್ನು ತೀರ್ಮಾನಿಸುವುದು ತೂತಿನ ಗಾತ್ರವಲ್ಲ, ಅದು ಯಾವ ಮಗ್ಗುಲಲ್ಲಿದೆ ಎಂಬುದು. ಒಂದು ಕಡೆ ನೀರು, ಇನ್ನೊಂದು ಕಡೆ ಹೊರಗಾಳಿ ಇರುವಲ್ಲಿ ಎಪಾಕ್ಸಿ ವರ್ಷಗಟ್ಟಲೆ ನಿಲ್ಲಬಹುದು. ಒಂದು ಕಡೆ ಹೊಗೆ ನೇರವಾಗಿ ತಾಗುವಲ್ಲಿ ಅದನ್ನು ನಂಬಬಾರದು. ಜೆಬಿ ವೆಲ್ಡ್‌ನಂಥ ಉಕ್ಕಿನಪುಡಿ ಬೆರೆತ ಎಪಾಕ್ಸಿಗೂ ಸತತವಾಗಿ ತಡೆಯುವ ಮಿತಿ ಸುಮಾರು 260 ಡಿಗ್ರಿ ಸೆಲ್ಸಿಯಸ್. ಹಿಂದುಗಡೆ ನೀರು ಹರಿಯುತ್ತಿರುವಾಗ ಗೋಡೆ ಅಷ್ಟು ಬಿಸಿಯಾಗದು ಎಂಬುದು ನಿಜ. ಆದರೆ ಪ್ಲಾಸ್ಟಿಕ್ ಚೀಲವೊಂದು ನೀರಿನ ಬಾಯಿಗೆ ಅಂಟಿಕೊಂಡು ನೀರು ಅರೆನಿಮಿಷ ನಿಂತರೂ ತೇಪೆ ಕಳಚಿ ಒಳಗೆ ಬೀಳಬಹುದು, ಆಮೇಲೆ ನೀರಿಗೆ ತಡೆಯೇ ಇಲ್ಲ. ನಿಮ್ಮ ಒಳತಟ್ಟೆಯ ತೂತು ಈ ಎರಡನೆಯ ಜಾತಿಯದು. ತಟ್ಟೆಯನ್ನು ಬದಲಿಸಿ. ಅದು ಬಿಡಿಯಾಗಿ ಸಿಗುವ ಭಾಗ, ರಿಪೇರಿಗೆ ತಕ್ಕದ್ದಲ್ಲ. ಹೊಸದು ತಯಾರಿಕೆಯಲ್ಲಿಲ್ಲ ಎಂದಾದರೆ ಸಿಹಿನೀರಿನಲ್ಲಿ ಓಡಿದ ಅದೇ ಮಾದರಿಯ ಎಂಜಿನ್ನಿನದನ್ನು ಹುಡುಕಿ.

ಬೆಸುಗೆಮನೆ (ಉತ್ತರ)

ಹಳೆಯಂತ್ರ ಅವರು ಹೇಳಿದ್ದರಲ್ಲಿ ತಟ್ಟೆಯ ಮಟ್ಟಿಗೆ ನನ್ನ ತಕರಾರಿಲ್ಲ. ಬ್ಲಾಕಿನ ಕುಳಿಯ ಬಗ್ಗೆ, ಅದರ ಆಳ ಗೊತ್ತಾಗುವವರೆಗೆ, ಯಾವ ತೀರ್ಮಾನವೂ ಬೇಡ ಎನ್ನುತ್ತೇನೆ. ಅಚ್ಚಿಗೆ ಒತ್ತಡದಲ್ಲಿ ಸುರಿದ ಅಲ್ಯೂಮಿನಿಯಂ ಎರಕದ ಹೊರಮೈ ಮಾತ್ರ ಗಟ್ಟಿ. ಅರ್ಧ ಮಿಲಿಮೀಟರಿನಷ್ಟಿರುವ ಆ ಚರ್ಮದ ಕೆಳಗೆ ಸಣ್ಣಸಣ್ಣ ಗಾಳಿಗುಳ್ಳೆಗಳಿರುತ್ತವೆ. ಚರ್ಮ ಹರಿದ ಮೇಲೆ ಕೊರೆತ ಆ ಗುಳ್ಳೆಗಳ ಜಾಡು ಹಿಡಿದು ನುಗ್ಗುವುದರಿಂದ, ಹಲ್ಲಿನ ಹುಳುಕಿನಂತೆ ಮೇಲೆ ಸೂಜಿಮೊನೆಯಷ್ಟು ಕಂಡದ್ದು ಒಳಗೆ ಗವಿಯಾಗಿರಬಹುದು. ಮಿಶ್ರಲೋಹವೂ ಮುಖ್ಯ. ಎ380 ಎಂಬ ಸಾಮಾನ್ಯ ಎರಕದಲ್ಲಿ ಶೇಕಡಾ 3ರಿಂದ 4ರಷ್ಟು ತಾಮ್ರವಿರುತ್ತದೆ, ಎ360ರಲ್ಲಿ ಹೆಚ್ಚೆಂದರೆ 0.6. ತಾಮ್ರ ಹೆಚ್ಚಿದಷ್ಟೂ ಉಪ್ಪುನೀರಿನಲ್ಲಿ ಬಾಳಿಕೆ ಕಡಿಮೆ.

ಆದ್ದರಿಂದ ಮೊದಲು ಶುಚಿಮಾಡಿ. ಗಾಜಿನ ಮಣಿಗಳ ಬ್ಲಾಸ್ಟಿಂಗ್ ಉತ್ತಮ, ಆದರೆ ಸಿಲಿಂಡರಿನ ಪೋರ್ಟ್‌ಗಳನ್ನು ಮೇಣವಾಗಲಿ ರಬ್ಬರಾಗಲಿ ಒತ್ತಿ ಗಾಳಿಯಾಡದಂತೆ ಮುಚ್ಚಲೇಬೇಕು. ಒಂದು ಮಣಿ ಬೇರಿಂಗಿಗೆ ಇಳಿದರೂ ಎಂಜಿನ್ ಹೋಯಿತೆಂದೇ ಲೆಕ್ಕ. ಅದು ಸಾಧ್ಯವಿಲ್ಲದಿದ್ದರೆ ಸ್ಟೇನ್‌ಲೆಸ್ ಬ್ರಶ್ ಮತ್ತು ತಾಳ್ಮೆ. ಸಾಧಾರಣ ಉಕ್ಕಿನ ಬ್ರಶ್ ಬೇಡ, ಅದರ ಚೂರುಗಳು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ಹೊಸ ಕುಳಿಗಳಿಗೆ ಬೀಜವಾಗುತ್ತವೆ. ಕಾಸ್ಟಿಕ್ ಸೋಡಾ ಇರುವ ಯಾವ ದ್ರಾವಣವೂ ಹತ್ತಿರ ಸುಳಿಯಬಾರದು. ಅದು ಮಸಿಯ ಜೊತೆಗೆ ಅಲ್ಯೂಮಿನಿಯಂ ಅನ್ನೂ ಕರಗಿಸಿ ಹೈಡ್ರೋಜನ್ ಹೊರಡಿಸುತ್ತದೆ. ಶುಚಿಯಾದ ಮೇಲೆ ಚೂಪಾದ ಗೀಟುಮೊಳೆಯಿಂದ ಕುಳಿಯ ತಳವನ್ನೂ ಅಂಚನ್ನೂ ಕೆದಕಿ ನೋಡಿ. ಕೆದಕಿದಲ್ಲಿ ಹೊಳೆಯುವ ಲೋಹ ಕಂಡರೆ ಅದು ನೆಲ. ಬೂದುಬಣ್ಣದ ಪುಡಿ ಉದುರುತ್ತಲೇ ಇದ್ದರೆ ಕೊರೆತ ಇನ್ನೂ ಕೆಳಗಿದೆ.

ಬೆಸುಗೆಗೆ ಬಂದರೆ, ಎಸಿ ಟಿಗ್ (ಟಂಗ್‌ಸ್ಟನ್ ಕಡ್ಡಿ ಮತ್ತು ಜಡ ಅನಿಲ ಬಳಸುವ, ಎಸಿ ವಿದ್ಯುತ್ತಿನ ಬೆಸುಗೆ) ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸುವುದಿಲ್ಲ. ಅಲ್ಯೂಮಿನಿಯಂ ಆಕ್ಸೈಡ್ ಕರಗುವುದು 2,000 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅಡಿಯ ಎರಕ 600ರ ಒಳಗೇ ಕರಗಿ ಕುಸಿಯುತ್ತದೆ. ಎಸಿ ವಿದ್ಯುತ್ತಿನ ಒಂದು ಅರ್ಧಾವರ್ತ ಆ ಪದರವನ್ನು ಒಡೆಯುತ್ತದೆ, ಅದೇ ಅದರ ಉಪಯೋಗ. ವರ್ಷಗಳ ಕಾಲ ಎಣ್ಣೆ ಮತ್ತು ಉಪ್ಪು ಕುಡಿದ ಎರಕವನ್ನು ಹಾಗೆಯೇ ಬೆಸೆಯಹೊರಟರೆ ಕರಗಿದ ಲೋಹ ಗುಳ್ಳೆಯೇಳುತ್ತದೆ. ಮೊದಲು ಒಲೆಯಲ್ಲಿ 150 ಡಿಗ್ರಿಯ ಸುಮಾರಿಗೆ ಕಾಯಿಸಿ ಒಳಗಿನ ಎಣ್ಣೆ, ತೇವಗಳನ್ನು ಹೊರಡಿಸಿ, ಕುಳಿಯನ್ನು ಹೊಳೆಯುವ ಲೋಹದವರೆಗೆ ಕಡೆದು, ಬಿಸಿಯಿರುವಾಗಲೇ ಬೆಸೆಯಬೇಕು. ಇದಕ್ಕೆ ಬ್ಲಾಕಿನಿಂದ ಕ್ರ್ಯಾಂಕ್, ಪಿಸ್ಟನ್, ಸೀಲ್‌ಗಳೆಲ್ಲ ಹೊರಬರಬೇಕೆಂದು ಬೇರೆ ಹೇಳಬೇಕಿಲ್ಲ. ಕರಗಿಸಿ ತುಂಬುವ ಫಿಲ್ಲರ್ ಕಡ್ಡಿ 4043 ಅಥವಾ 4047 ಇರಲಿ. 5356 ಕಡ್ಡಿ ಸುಲಭವಾಗಿ ಸಿಗುತ್ತದೆ, ಗಟ್ಟಿಯೂ ಹೌದು, ಆದರೆ ಅದರಲ್ಲಿ ಮೆಗ್ನೀಸಿಯಂ ಶೇಕಡಾ 5ರಷ್ಟಿರುವುದರಿಂದ 65 ಡಿಗ್ರಿಗಿಂತ ಬಿಸಿಯಾಗಿ ಇರುವ ಜಾಗದಲ್ಲಿ ಎಳೆತದ ಜೊತೆ ಕೊರೆತ ಸೇರಿ ಸೀಳುವ ಅಪಾಯವಿದೆ. ಹೊಗೆದಾರಿಗೆ ಅದು ಸಲ್ಲದು.

ಕೈದೀಪದ ಜ್ವಾಲೆಯಿಂದಲೇ ಕರಗುವ ಸತು ಬೆರೆತ ಕಡ್ಡಿಗಳ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವು 400 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತವೆ. ಹೊಗೆ ಅದಕ್ಕಿಂತ ಬಿಸಿ. ಸತು ಹೇಗೂ ಅಲ್ಯೂಮಿನಿಯಂಗಿಂತ ಮೊದಲು ಕರಗುವ ಲೋಹವಾದ್ದರಿಂದ ಉಪ್ಪುನೀರಿನಲ್ಲಿ ಆ ತೇಪೆಯೇ ಆನೋಡಿನ ಕೆಲಸ ಮಾಡತೊಡಗುತ್ತದೆ.

ನೀರ್ದಾರಿ (ಉತ್ತರ)

ಬೆಸುಗೆಯ ವಿವರಗಳು ಸರಿಯಾಗಿವೆ, ಆದರೆ ಈ ಪ್ರಶ್ನೆಯಲ್ಲಿರುವ ಬ್ಲಾಕಿಗೆ ಅದು ಬೇಕೇ ಎಂಬ ಬಗ್ಗೆ ನನಗೆ ಬೇರೆ ಅಭಿಪ್ರಾಯವಿದೆ. ಬೆಸೆದರೆ ಬ್ಲಾಕ್ ಸೊಟ್ಟಗಾಗುತ್ತದೆ. ಸಿಲಿಂಡರಿನ ಲೈನರಿಗೆ ಅಷ್ಟು ಹತ್ತಿರ ಶಾಖ ಕೊಟ್ಟ ಮೇಲೆ ಬೋರ್ (ಸಿಲಿಂಡರಿನ ಒಳವ್ಯಾಸ) ಅಳೆಯಬೇಕು, ಮೈಯನ್ನು ಮಿಲ್ಲಿಂಗ್ ಮಾಡಬೇಕು, ಮಿಲ್ಲಿಂಗ್ ಮಾಡಿದಾಗ ಇದುವರೆಗೆ ಮುಚ್ಚಿಕೊಂಡಿದ್ದ ಗಾಳಿಗುಳ್ಳೆಗಳು ಬಾಯಿಬಿಡುತ್ತವೆ. ಗ್ಯಾಸ್ಕೆಟ್ ಪಟ್ಟಿಯ ಅರ್ಧ ಅಗಲ ಇನ್ನೂ ಗಟ್ಟಿಯಾಗಿ ಉಳಿದಿದೆ ಎಂದಾದರೆ, ಮತ್ತು ಉಳಿದಿರುವುದು ಹೊಗೆಯ ಕಡೆಯ ಅರ್ಧ ಎಂದಾದರೆ, ಹೊಗೆಯನ್ನು ತಡೆಯುವ ಕೆಲಸ ಆ ಗಟ್ಟಿ ಲೋಹವೇ ಮಾಡುತ್ತದೆ. ಕುಳಿಗೆ ತುಂಬಿದ ಎಪಾಕ್ಸಿ ಗ್ಯಾಸ್ಕೆಟ್ಟಿಗೆ ಒರಗಲು ಜಾಗ ಕೊಟ್ಟರೆ ಸಾಕು; ಅದು ಹೊಗೆಯ ಮುಖವನ್ನೇ ನೋಡುವುದಿಲ್ಲ. ಉಳಿದಿರುವುದು ನೀರಿನ ಕಡೆಯ ಅರ್ಧವಾಗಿದ್ದರೆ ನನ್ನ ಮಾತು ಅನ್ವಯಿಸುವುದಿಲ್ಲ, ಬೆಸುಗೆಮನೆ ಅವರು ಹೇಳಿದ್ದೇ ದಾರಿ.

ಹಾಗೆ ತುಂಬುವುದಾದರೆ ಅಸಿಟೋನಿನಿಂದ ತೊಳೆದು, ಬ್ಲಾಕನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ, ಕುಳಿಯ ಗೋಡೆಯನ್ನು ಒರಟು ಮಾಡಿದ ಕೂಡಲೇ ಎಪಾಕ್ಸಿಯನ್ನು ಒತ್ತಿ ತುಂಬಬೇಕು. ತಡಮಾಡಿದರೆ ಹೊಸ ಆಕ್ಸೈಡ್ ಪದರದ ಮೇಲೆ ಅಂಟು ಸರಿಯಾಗಿ ಹಿಡಿಯದು. ಮಟ್ಟಕ್ಕಿಂತ ಸ್ವಲ್ಪ ಉಬ್ಬಿಸಿ, ಪೂರ್ತಿ ಗಟ್ಟಿಯಾದ ಮೇಲೆ, ಸಪಾಟಾದ ಲೋಹದ ಪಟ್ಟಿಗೆ 400ರ ಮರಳುಕಾಗದ ಸುತ್ತಿ ಇಡೀ ಮೈಯನ್ನು ಒಂದೇ ಸಮ ಉಜ್ಜಿ. ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದಾಗ 0.1 ಮಿಲಿಮೀಟರಿನ ಎಲೆ ಎಲ್ಲಿಯೂ ಹೋಗಬಾರದು. ಹೊಸ ತಟ್ಟೆ ಮತ್ತು ಕವರಿಗೂ ಇದೇ ಪರೀಕ್ಷೆ. ಹಳೆಯ ಕವರ್ ಎಷ್ಟೋ ಸಲ ಬೋಲ್ಟ್‌ಗಳ ನಡುವೆ ಬಿಲ್ಲಿನಂತೆ ಬಾಗಿರುತ್ತದೆ.

ಮುರಿದ ಬೋಲ್ಟ್‌ಗಳ ಬಗ್ಗೆ ಯಾರೂ ಹೇಳಲಿಲ್ಲ, ನಿಜವಾಗಿ ಎಂಜಿನ್ ಹಾಳಾಗುವುದು ಅಲ್ಲೇ. ಅಲ್ಯೂಮಿನಿಯಂ ಕರಗಿ ಆಗುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಮರೆಗಳ (ಥ್ರೆಡ್‌ಗಳ) ನಡುವೆ ಉಬ್ಬಿ ಬೋಲ್ಟನ್ನು ಹಿಡಿದಿಡುತ್ತದೆ. ಎಣ್ಣೆ ಒಳಗೆ ಇಳಿಯುವುದಿಲ್ಲ, ಶಾಖ ಇಳಿಯುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗಿದರೆ ಸ್ಟೇನ್‌ಲೆಸ್ ಉಕ್ಕು 17ರಷ್ಟು ಹಿಗ್ಗುತ್ತದೆ, ಸಾದಾ ಉಕ್ಕು 12ರಷ್ಟು. ಆದ್ದರಿಂದ ಜ್ವಾಲೆಯನ್ನು ಬೋಲ್ಟಿಗಲ್ಲ, ಸುತ್ತಲಿನ ಎರಕಕ್ಕೆ ಹಿಡಿಯಬೇಕು. ಹತ್ತಿರದಲ್ಲಿ ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ಇರಬಾರದೆಂಬುದು ನೆನಪಿರಲಿ. ಬುಡ ಮೇಲೆ ಕಾಣುವಂತಿದ್ದರೆ ಅದರ ಮೇಲೊಂದು ನಟ್ ಇಟ್ಟು ಒಳಗಿನಿಂದ ಬೆಸೆದು, ಬೆಸುಗೆಯ ಬಿಸಿ ಇಳಿಯುತ್ತಿರುವಾಗ ಹಿಂದೆ ಮುಂದೆ ಅಲುಗಿಸುತ್ತಾ ತಿರುಗಿಸಿ. ಒಳಗೇ ಮುರಿದಿದ್ದರೆ ನಡುಮಧ್ಯೆ ಗುರುತು ಮಾಡಿ ಎಡಸುತ್ತಿನ ಡ್ರಿಲ್‌ನಿಂದ ಕೊರೆಯಿರಿ. ಹಲವು ಸಲ ಕೊರೆಯುವಾಗಲೇ ಅದು ತಿರುಗಿ ಬಂದುಬಿಡುತ್ತದೆ. ಮುರಿದ ಬುಡ ಕೀಳುವ ಶಂಕುವಿನಾಕಾರದ ಎಕ್ಸ್‌ಟ್ರ್ಯಾಕ್ಟರನ್ನು ಎಂ6 (6 ಮಿಲಿಮೀಟರ್) ಬೋಲ್ಟಿಗೆ ಬಳಸಬೇಡಿ. ಆ ಗಟ್ಟಿ ಉಕ್ಕು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಮುಟ್ಟುವುದಿಲ್ಲ. ಮರೆ ಕೆಟ್ಟಿದ್ದರೆ ಸ್ಟೇನ್‌ಲೆಸ್ ಸುರುಳಿಯ ಇನ್‌ಸರ್ಟ್ ಹಾಕಿ, ಅದಕ್ಕೂ ಸೀಲಂಟ್ ಹಚ್ಚಿ.

ತೀರದೋಣಿ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ಎಣ್ಣೆ ಹಾಕಿ ತಿರುಗಿಸಿಟ್ಟಿದ್ದೇನೆ. ತಿರುಗುವಾಗ ಎಲ್ಲಿಯೂ ಕರಕರ ಇಲ್ಲ. ಶುಚಿಮಾಡಿ ಕೆದಕಿ ನೋಡಿದಾಗ ಕುಳಿ ನೀರಿನ ಕಡೆಯಿಂದಲೇ ಆರಂಭವಾಗಿರುವುದು ತಿಳಿಯಿತು. ಹೊಗೆಯ ಕಡೆಯ ಅರ್ಧಪಟ್ಟಿಯಲ್ಲಿ ಎಲ್ಲೆಡೆ ಹೊಳೆಯುವ ಲೋಹವೇ ಸಿಕ್ಕಿತು, ಕುಳಿಯ ತಳವೂ ಗಟ್ಟಿಯಾಗಿದೆ. ಆದ್ದರಿಂದ ನೀರ್ದಾರಿ ಅವರ ಕ್ರಮವನ್ನೇ ಅನುಸರಿಸಿ, ತಟ್ಟೆಯನ್ನು ಬದಲಿಸುವುದೆಂದು ನಿರ್ಧರಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಜೋಡಿಸುವಾಗ ಬೋಲ್ಟಿಗೆ ಏನು ಹಚ್ಚಬೇಕು? ಮತ್ತು ಇದೇ ಕೊರೆತ ಕೆಳಗಿನ ಮಧ್ಯಭಾಗದಲ್ಲೂ ಆಗಿರಬಹುದೇ, ಪವರ್‌ಹೆಡ್ (ಸಿಲಿಂಡರುಗಳಿರುವ ಮೇಲ್ಭಾಗ) ಎತ್ತದೆ ಅದನ್ನು ತಿಳಿಯುವ ಉಪಾಯ ಇದೆಯೇ?

ಹಳೆಯಂತ್ರ (ಉತ್ತರ)

ಮಧ್ಯಭಾಗದ ಅನುಮಾನ ಸಕಾರಣವಾದದ್ದು. ಹೊಗೆ ಬ್ಲಾಕಿನಿಂದ ಅಡಾಪ್ಟರ್ ತಟ್ಟೆಯ ಮೂಲಕ ಒಳಗೊಳವೆಗೆ ಇಳಿದು, ಅಲ್ಲಿಂದ ಗೇರ್‌ಕೇಸ್ ದಾಟಿ ಪ್ರೊಪೆಲರಿನ ನಡುವಿನಿಂದ ಹೊರಬೀಳುತ್ತದೆ. ಆ ಕೊಳವೆಯೋ ಅಡಾಪ್ಟರೋ ತೂತಾದರೆ ಲಕ್ಷಣಗಳು ಬೇರೆ ರೀತಿಯಲ್ಲಿ ಬರುತ್ತವೆ. ವೇಗ ಹೆಚ್ಚಿಸಿದಾಗ ಹೊಗೆ ನೀರುಪಂಪಿನ ಕಡೆ ನುಸುಳಿ, ಪಂಪ್ ಹೊಸದಿದ್ದರೂ ಎಂಜಿನ್ ಬಿಸಿಯೇರಬಹುದು. ಮೇಲ್ಮುಚ್ಚಳದ ಒಳಮೈಯಲ್ಲಿ ಮಸಿ ಹಿಡಿಯಬಹುದು. ಹಾಗಿದ್ದರೆ ಎಂಜಿನ್ ತನ್ನ ಹೊಗೆಯನ್ನೇ ಉಸಿರಾಡುತ್ತಿದೆ ಎಂದರ್ಥ, ದೋಣಿಯಲ್ಲಿ ಕೂತವರಿಗೂ ಕಾರ್ಬನ್ ಮಾನಾಕ್ಸೈಡಿನ ಅಪಾಯ ಇದೆ. ಗೇರ್‌ಕೇಸನ್ನು ಮಾತ್ರ ಇಳಿಸಿ ಕೆಳಗಿನಿಂದ ಬೋರ್‌ಸ್ಕೋಪ್ ತೂರಿಸಿದರೆ ಕೊಳವೆಯ ಬಹುಭಾಗ ಕಾಣುತ್ತದೆ. ಬಿಳಿ ಪುಡಿಯ ಗಡ್ಡೆಗಳು, ಅಂಚು ಹರಿದ ಗ್ಯಾಸ್ಕೆಟ್, ಅಥವಾ ಮಸಿಯ ನಡುವೆ ನೀರು ಹರಿದು ತೊಳೆದ ಗೆರೆ ಕಂಡರೆ ಪವರ್‌ಹೆಡ್ ಎತ್ತುವುದು ಅನಿವಾರ್ಯ.

ನಾಲ್ಕು ಸ್ಟ್ರೋಕಿನ ದೊಡ್ಡ ಎಂಜಿನ್ನುಗಳವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಅವುಗಳಲ್ಲಿ ಹಲವದರ ಎಣ್ಣೆತೊಟ್ಟಿ ಇದೇ ಮಧ್ಯಭಾಗದಲ್ಲಿ, ಹೊಗೆದಾರಿಯ ಮಗ್ಗುಲಲ್ಲೇ ಇರುತ್ತದೆ. ಅಲ್ಲಿ ಗೋಡೆ ಕೊರೆದರೆ ನೀರು ನೇರ ಎಣ್ಣೆಗೆ ಬರುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲುಬಣ್ಣಕ್ಕೆ ತಿರುಗಿದರೆ ಹೆಡ್ ಗ್ಯಾಸ್ಕೆಟ್ಟಿನ ಜೊತೆಗೆ ಇದನ್ನೂ ಶಂಕಿಸಬೇಕು.

ಎಂಜಿನ್ ನಿಲ್ಲಿಸಿ ಫ್ಲಶ್ ಪೋರ್ಟಿನಿಂದ ನೀರು ಬಿಡುವ ಅಭ್ಯಾಸ ನೀರುದಾರಿಗೆ ಒಳ್ಳೆಯದು, ಆದರೆ ಒಣ ಹೊಗೆದಾರಿಯ ಮಸಿಗೆ ಅದು ಅಷ್ಟಾಗಿ ತಲುಪುವುದಿಲ್ಲ. ಬಹಳ ಹೊತ್ತು ನಿಧಾನಗತಿಯಲ್ಲೇ ಓಡುವ ಎಂಜಿನ್ನಿನ ಹೊಗೆದಾರಿ ಎಂದೂ ಸರಿಯಾಗಿ ಒಣಗುವುದೂ ಇಲ್ಲ. ದಡಕ್ಕೆ ಮರಳುವ ಮುನ್ನ ಸ್ವಲ್ಪ ಹೊತ್ತು ವೇಗವಾಗಿ ಓಡಿಸುವುದರಿಂದ ಮಸಿ ಕಡಿಮೆಯಾಗುತ್ತದೆ.

ನೀರ್ದಾರಿ (ಉತ್ತರ)

ಬೋಲ್ಟಿಗೆ ತಾಮ್ರದ ಪುಡಿ ಇರುವ ಪೇಸ್ಟ್ ಬೇಡ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಪಕ್ಕದಲ್ಲಿ ತಾಮ್ರ ಇಡುವುದೆಂದರೆ ಕೊರೆತವನ್ನು ನಾವೇ ಕರೆದಂತೆ. ನಿಮ್ಮ ಮಾದರಿಯ ಕೈಪಿಡಿ ಯಾವ ಸೀಲಂಟ್ ಹೇಳುತ್ತದೆಯೋ ಅದನ್ನೇ ಮರೆಯ ಪೂರ್ತಿ ಉದ್ದಕ್ಕೂ, ತಲೆಯ ಅಡಿಗೂ ಹಚ್ಚಿ. ಕೈಪಿಡಿ ಏನನ್ನೂ ಹೇಳದಿದ್ದರೆ ಲೋಹದ ಪುಡಿ ಇಲ್ಲದ, ಟೆಫ್ಲಾನ್ ಆಧಾರಿತ ಪೇಸ್ಟ್ ಸಾಕು. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಬಿಗಿ ಮಾಡಿ, ನಡುವಿನಿಂದ ಹೊರಗೆ ಸುರುಳಿಯಾಗಿ, ಎರಡು ಹಂತಗಳಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಎಂ6 ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 12 ನ್ಯೂಟನ್ ಮೀಟರ್ ಇರುತ್ತದೆ, ನಿಖರ ಅಂಕಿಗೆ ಕೈಪಿಡಿಯನ್ನೇ ನೋಡಿ. ಪೇಸ್ಟ್ ಹಚ್ಚಿದ ಮರೆ ಜಾರುವುದರಿಂದ ಅಂದಾಜಿನ ಬಿಗಿತ ಮಿತಿಮೀರಿ ಎರಕದ ಮರೆಯನ್ನೇ ಕೀಳಬಹುದು.

ಹೆಡ್ ಒಮ್ಮೆ ಬಿಚ್ಚಿದ್ದೀರಿ, ಗ್ಯಾಸ್ಕೆಟ್ ಚೆನ್ನಾಗಿ ಕಂಡರೂ ಹೊಸದನ್ನೇ ಹಾಕಿ. ಎಲ್ಲ ಮುಚ್ಚಿದ ಮೇಲೆ, ಸಾಧ್ಯವಿದ್ದರೆ, ನೀರುದಾರಿಯ ಬಾಯಿಗಳನ್ನು ರಬ್ಬರ್ ತಟ್ಟೆಗಳಿಂದ ಮುಚ್ಚಿ ಕಡಿಮೆ ಒತ್ತಡದ ಗಾಳಿ ಬಿಟ್ಟು, ಅಂಚುಗಳಿಗೆ ಸೋಪುನೀರು ಹಚ್ಚಿ ನೋಡಿ. ಗುಳ್ಳೆ ಏಳದಿದ್ದರೂ ಒತ್ತಡ ಇಳಿಯುತ್ತಿದ್ದರೆ ಸೋರಿಕೆ ಒಳಗಿದೆ. ಆಗ ಪ್ಲಗ್ ತೂತುಗಳ ಬಳಿ ಕಿವಿಯಿಟ್ಟರೆ ಯಾವ ಸಿಲಿಂಡರೆಂದು ತಿಳಿಯುತ್ತದೆ. ಕಂಪ್ರೆಷನ್ನಿನಲ್ಲಿ ಈಗಿರುವ ಶೇಕಡಾ 10ರ ವ್ಯತ್ಯಾಸ ಹೊಸ ಹೆಡ್ ಗ್ಯಾಸ್ಕೆಟ್ ಹಾಕಿ, ಎಂಜಿನ್ ಸ್ವಲ್ಪ ಓಡಿದ ಮೇಲೆ ಮತ್ತೆ ಅಳೆದಾಗ ಹೆಚ್ಚದೆ ಹಾಗೆಯೇ ಇದ್ದರೆ ರಿಂಗುಗಳನ್ನು ಸದ್ಯಕ್ಕೆ ಮುಟ್ಟಬೇಕಾಗಿಲ್ಲ. 15 ದಾಟಿದರೆ ಬೋರಿನ ಗೋಡೆಯಲ್ಲಿ ನೀರು ಬಿಟ್ಟ ಗೀರುಗಳಿಗಾಗಿ ನೋಡಿ.